ನೋವಿನ ಭಾಷೆಯನ್ನು ಕಲಿಯುವವರು

ಫೆಬ್ರವರಿ ತಿಂಗಳಲ್ಲಿ ಒಂದು ವಾರದ ಅಂತರದಲ್ಲಿ ಎರಡು ದಿನಾಚರಣೆಗಳು ಬರುತ್ತವೆ. 4ನೆಯ ತಾರೀಖು ವಿಶ್ವ ಕ್ಯಾನ್ಸರ್ ದಿನ. 11ನೆಯ ತಾರೀಖು ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಆ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು, 1993ರಿಂದ ಅದು ಆಚರಣೆಗೆ ಬಂದಿತು. ಮೊದಲನೆಯ ದಿನ ನಗರದ ಆಸ್ಪತ್ರೆಗಳಲ್ಲಿ ಭಾಷಣಗಳಾಗುತ್ತವೆ, ನಡಿಗೆಗಳಾಗುತ್ತವೆ, ಯಾವುದಾದರೊಂದು ಹೊಸ ಯಂತ್ರದ ಉದ್ಘಾಟನೆಯಾಗುತ್ತದೆ. ಎರಡನೆಯ ದಿನ ನಮ್ಮ ದೇವಾಲಯಗಳಲ್ಲಿ ಮೇಣದ ಬತ್ತಿಗಳು ಬೆಳಗುತ್ತವೆ, ರೋಗಿಗಳಿಗಾಗಿ ಬಲಿಪೂಜೆ ನಡೆಯುತ್ತದೆ. ಎರಡೂ ಆಗಬೇಕಾದದ್ದೇ. ಆದರೆ ಯಂತ್ರಕ್ಕೂ ಮೇಣದ ಬತ್ತಿಗೂ ನಡುವೆ ಒಬ್ಬ ವ್ಯಕ್ತಿ ನಿಂತಿರುತ್ತಾನೆ ಅಥವಾ ನಿಂತಿರುತ್ತಾಳೆ: ಹಾಸಿಗೆಯ ಪಕ್ಕದ ವೈದ್ಯ, ದಾದಿ, ಔಷಧ ವಿತರಕ, ಮನೆಗೆ ಬರುವ ಆರೈಕೆಯ ಹುಡುಗಿ. ಈ ವ್ಯಕ್ತಿ ಏನನ್ನು ಕಲಿತಿದ್ದಾನೆ, ಕಲಿತದ್ದನ್ನು ಯಾವಾಗ ಕಲಿತದ್ದು, ಇನ್ನೂ ಕಲಿಯುತ್ತಿದ್ದಾನೆಯೆ ಎಂಬ ಪ್ರಶ್ನೆಯನ್ನು ಎರಡೂ ದಿನಗಳಲ್ಲಿ ಯಾರೂ ಎತ್ತುವುದಿಲ್ಲ.

ದಕ್ಷಿಣ ಬೆಂಗಳೂರಿನ ನಮಗೆ ಇದು ದೂರದ ಪ್ರಶ್ನೆಯಲ್ಲ. ಜಯನಗರದಿಂದ ಡೇರಿ ವೃತ್ತದ ಕಡೆಗೆ ಹೊರಟರೆ ಹೊಸೂರು ರಸ್ತೆಯ ಬದಿಯಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಿದೆ. 1973ರಲ್ಲಿ ಆರಂಭವಾದ ಈ ಸಂಸ್ಥೆ 1980ರಲ್ಲಿ ಸ್ವಾಯತ್ತವಾಯಿತು. ರಾಯಚೂರು, ಕಲಬುರಗಿ, ಚಾಮರಾಜನಗರಗಳಿಂದ, ಗಡಿಯಾಚೆಯ ಅನಂತಪುರ, ಧರ್ಮಪುರಿಗಳಿಂದಲೂ ಬಡವರು ಕಡತದ ಚೀಲವನ್ನು ಎದೆಗವಚಿಕೊಂಡು ಅಲ್ಲಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ಯಾರಿಗೆ, ಯಾವ ಅಂಗದ ಕ್ಯಾನ್ಸರ್ ಬಂದಿತೆಂಬ ಜನಸಂಖ್ಯಾಧಾರಿತ ದಾಖಲೆಯನ್ನು 1982ರಿಂದ ಇಟ್ಟುಕೊಂಡು ಬಂದಿರುವುದೂ ಇದೇ ಸಂಸ್ಥೆ. ಅಲ್ಲಿಂದ ಕೆಲವೇ ಕಿಲೋಮೀಟರು ಮುಂದೆ, ಕೋರಮಂಗಲದಲ್ಲಿ, ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಸ್ಥಾಪಿಸಿದ ಸಂತ ಜಾನ್ ವೈದ್ಯಕೀಯ ಕಾಲೇಜಿದೆ. ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಲ್ಲಿ ಒಬ್ಬಳಾದರೂ ಮಗಳೋ ಸೊಸೆಯೋ ದಾದಿಯಾಗಿದ್ದಾಳೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ 14 ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂದಿತೆಂದು ಅಂದಾಜು. ಅಂದ ಮೇಲೆ ಈ ವಿಷಯ ಹೊಸ್ತಿಲ ಹೊರಗಿನದಲ್ಲ.

ವೈದ್ಯನಾದವನು ಪದವಿಯೊಂದಿಗೆ ಕಲಿಕೆಯನ್ನು ಮುಗಿಸುವಂತಿಲ್ಲ ಎಂಬುದನ್ನು ನಿಯಮವೂ ಒಪ್ಪುತ್ತದೆ. ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿ ನಿಯಮಾವಳಿಯ ಪ್ರಕಾರ ಪ್ರತಿಯೊಬ್ಬ ವೈದ್ಯನೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಕಾಲ ಮುಂದುವರಿದ ಶಿಕ್ಷಣದ ಸಭೆಗಳಲ್ಲಿ ಭಾಗವಹಿಸಬೇಕು. ವರ್ಷಕ್ಕೆ ಆರು ಗಂಟೆ ಎಂದಾಯಿತು. ನಮ್ಮ ಭಾನುವಾರದ ಧರ್ಮೋಪದೇಶ ತರಗತಿಯ ಮಕ್ಕಳು ಒಂದು ವರ್ಷದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಬೆಂಚಿನ ಮೇಲೆ ಕೂರುತ್ತಾರೆ! ಆ ಆರು ಗಂಟೆಗಳಲ್ಲಿಯೂ ಮಧ್ಯಾಹ್ನದ ಭೋಜನಕ್ಕೆ ಎಷ್ಟು ಸಲ್ಲುತ್ತದೆ, ಔಷಧ ಕಂಪನಿಯವರ ಪರಿಚಯ ಭಾಷಣಕ್ಕೆ ಎಷ್ಟು ಸಲ್ಲುತ್ತದೆ ಎಂದು ವೈದ್ಯ ಮಿತ್ರರನ್ನು ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ.

ಕ್ಯಾನ್ಸರಿನ ಔಷಧಗಳು ಬದಲಾಗುತ್ತಿರುವ ವೇಗವನ್ನು ಕಂಡರೆ ಇದು ಏನೇನೂ ಸಾಲದು. ಆದರೆ ಹೊಸ ಔಷಧಗಳ ವಿಚಾರವನ್ನು ನಾನು ಇಲ್ಲಿ ಬೆಳೆಸುವುದಿಲ್ಲ. ಅದನ್ನು ಕಲಿಸಲು ಉತ್ಸಾಹವುಳ್ಳವರು, ಹಣವುಳ್ಳವರು ಬಹಳ ಮಂದಿ ಇದ್ದಾರೆ. ಹಣ ತಾರದ ಕಲಿಕೆಯೊಂದಿದೆ. ಅದೇ ನನಗೆ ಮುಖ್ಯವೆನಿಸಿದ್ದು.

ಅರಿಸ್ಟಾಟಲನು ತನ್ನ ತತ್ತ್ವಮೀಮಾಂಸೆಯ ಗ್ರಂಥದ ಆರಂಭದಲ್ಲಿಯೇ ವೈದ್ಯನ ಉದಾಹರಣೆಯನ್ನು ತರುತ್ತಾನೆ. ವೈದ್ಯನು ಗುಣಪಡಿಸುವುದು ‘ಮನುಷ್ಯ’ ಎಂಬ ಸಾಮಾನ್ಯವನ್ನಲ್ಲ, ಕಲ್ಲಿಯಾಸನನ್ನೋ ಸಾಕ್ರಟೀಸನನ್ನೋ, ಹೆಸರಿರುವ ಒಬ್ಬನನ್ನು ಎಂಬುದು ಅವನ ಅಭಿಪ್ರಾಯ. ಸಿದ್ಧಾಂತವನ್ನು ಮಾತ್ರ ಅರಿತು ಎದುರಿಗಿರುವ ಒಬ್ಬನನ್ನು ಅರಿಯದವನು ಚಿಕಿತ್ಸೆಯಲ್ಲಿ ಎಡವುತ್ತಾನೆ. ಕಿದ್ವಾಯಿಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತಿರುವವನಿಗೂ ಒಂದು ಹೆಸರಿದೆ. ಜೊತೆಗೆ ಅವನಿಗೊಂದು ಭಾಷೆಯಿದೆ.

ವೈದ್ಯಕೀಯವನ್ನು ಕಲಿಯುವುದು ಇಂಗ್ಲಿಷಿನಲ್ಲಿ, ನರಳುವುದು ಕನ್ನಡದಲ್ಲಿ. ಈ ಎರಡರ ನಡುವಿನ ಕಂದಕ ಎಷ್ಟು ಆಳವಾದುದೆಂಬುದು ರೋಗಿಗಳ ಮನೆಗಳಿಗೆ ಹೋಗಿ ಕೂತವರಿಗೆ ಗೊತ್ತು. ‘ನೋವು’ ಎಂಬ ಒಂದೇ ಪದದಿಂದ ನಮ್ಮ ಜನ ತೃಪ್ತರಾಗುವುದಿಲ್ಲ. ಒಬ್ಬರು ‘ಉರಿ’ ಎನ್ನುತ್ತಾರೆ, ಇನ್ನೊಬ್ಬರು ‘ಕರೆಂಟ್ ಹೊಡೆದ ಹಾಗೆ’ ಎನ್ನುತ್ತಾರೆ. ‘ಜೋಮು’ ಬೇರೆ, ‘ಸೆಳೆತ’ ಬೇರೆ, ‘ಸಿಡಿತ’ ಬೇರೆ, ‘ಚುಚ್ಚು’ ಬೇರೆ. ಹೊಟ್ಟೆಯಲ್ಲಿ ‘ಹಿಂಡಿದ ಹಾಗೆ’ ಬಂದು ಬಂದು ಹೋಗುವುದು ಒಂದು. ಸೊಂಟದ ಮೂಳೆಯಲ್ಲಿ ಹಗಲಿರುಳು ಕೊರೆಯುತ್ತಾ, ಮಗ್ಗುಲು ಬದಲಿಸಿದಾಗ ಪ್ರಾಣ ಹೋದಂತಾಗುವುದು ಇನ್ನೊಂದು. ಇವು ಕೇವಲ ಅಲಂಕಾರಗಳಲ್ಲ, ರೋಗನಿದಾನದ ಸೂಚನೆಗಳು. ಉರಿ, ಜೋಮು, ಕರೆಂಟಿನ ಹೊಡೆತ ಎಂದು ರೋಗಿ ಹೇಳಿದರೆ ಗಡ್ಡೆಯು ನರವನ್ನು ಒತ್ತುತ್ತಿದೆಯೆಂಬ ಸಂದೇಹ ಬರಬೇಕು. ಆ ನೋವಿಗೆ ಮಾಮೂಲಿನ ನೋವುನಿವಾರಕಗಳು ಅನೇಕ ವೇಳೆ ಸಾಲುವುದಿಲ್ಲ, ಮೂರ್ಛೆರೋಗಕ್ಕೆ ಅಥವಾ ಖಿನ್ನತೆಗೆ ಕೊಡುವ ಕೆಲವು ಔಷಧಗಳು ಜೊತೆಗೂಡಬೇಕಾಗುತ್ತದೆ. ಮೂಳೆಗೆ ಹರಡಿದ ಕ್ಯಾನ್ಸರಿನ ಕೊರೆತಕ್ಕೆ ಒಂದೇ ಒಂದು ಸಲದ ವಿಕಿರಣ ಚಿಕಿತ್ಸೆಯೂ ಎಷ್ಟೋ ಮಂದಿಗೆ ಗಣನೀಯವಾದ ಶಮನವನ್ನು ಕೊಡಬಲ್ಲುದು. ಹೀಗಿರುವಾಗ, ರೋಗಿ ಹೇಳಿದ ಹತ್ತು ಮಾತುಗಳನ್ನು ಕಿರಿಯ ವೈದ್ಯನು ಕಡತದಲ್ಲಿ ‘ನೋವಿದೆ’ ಎಂಬ ಒಂದೇ ಮಾತಿಗೆ ಇಳಿಸಿ ಬರೆದರೆ, ಅಲ್ಲಿ ಕಳೆದುಹೋದದ್ದು ಬರೀ ಭಾಷೆಯ ಸೊಗಸಲ್ಲ, ಆ ರೋಗಿಯ ನಿದ್ರೆ.

ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂಕಿಗಳಲ್ಲಿ ಅಳೆಯುವ ಪದ್ಧತಿಯನ್ನು ಎಲ್ಲ ತರಬೇತಿಗಳಲ್ಲಿಯೂ ಹೇಳಿಕೊಡುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯೊಬ್ಬರಿಗೆ ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ‘ರೂಪಾಯಿಗೆ ಎಷ್ಟಾಣೆ ವಾಸಿಯಾಗಿದೆ ಅಜ್ಜಿ?’ ಎಂದು ಕೇಳಿದರೆ, ‘ನಾಲ್ಕಾಣೆ ಕಡಿಮೆಯಾಗಿದೆ ಕಣಪ್ಪ, ಇನ್ನೂ ಹನ್ನೆರಡಾಣೆ ಉಳಿದಿದೆ’ ಎಂದು ತಟ್ಟನೆ ಉತ್ತರ ಬರುತ್ತದೆ. ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು. ಹಿರಿಯರ ಬಾಯಲ್ಲಿ ಅದಿನ್ನೂ ಸಲ್ಲುತ್ತಿದೆ. ನಮ್ಮ ಆಸ್ಪತ್ರೆಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ದಾದಿಯರು ಎಷ್ಟು ಶ್ರದ್ಧೆಯಿಂದ ದುಡಿಯುತ್ತಿದ್ದಾರೆಂಬುದನ್ನು ನಾನು ಬಲ್ಲೆ. ಅವರಿಗೆ ಒಂದು ತಿಂಗಳು ದಿನಕ್ಕೆ ಅರ್ಧ ಗಂಟೆ ನೋವಿನ ಕನ್ನಡವನ್ನು ಕಲಿಸುವ ವ್ಯವಸ್ಥೆಯಾದರೆ, ಅದು ಯಾವ ಯಂತ್ರಕ್ಕಿಂತಲೂ ಕಡಿಮೆ ಖರ್ಚಿನ ಚಿಕಿತ್ಸೆಯಾದೀತು.

ಈ ವಿದ್ಯೆಯನ್ನು ಆಧುನಿಕ ಜಗತ್ತಿಗೆ ಕಟ್ಟಿಕೊಟ್ಟ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ (1918–2005) ಅವರ ಜೀವನವೇ ವೃತ್ತಿಯೊಳಗಿನ ಮರುಕಲಿಕೆಯ ಕಥೆ. ಮೊದಲು ದಾದಿಯಾದರು, ಬೆನ್ನುನೋವಿನಿಂದಾಗಿ ಅದನ್ನು ಬಿಟ್ಟು ಆಸ್ಪತ್ರೆಯ ಸಮಾಜಸೇವಕಿಯಾದರು. ಸಾಯುತ್ತಿರುವವರ ಪರವಾಗಿ ಮಾತನಾಡಬೇಕಾದರೆ ವೈದ್ಯೆಯೇ ಆಗಬೇಕೆಂದು ಮನಗಂಡು ಮತ್ತೆ ವಿದ್ಯಾರ್ಥಿನಿಯಾಗಿ 1957ರಲ್ಲಿ ವೈದ್ಯಪದವಿಯನ್ನು ಪಡೆದರು. ಆಗ ಅವರ ವಯಸ್ಸು ನಲವತ್ತರ ಸಮೀಪ. ಆನಂತರ ಅವರು ಸಂಶೋಧನೆ ನಡೆಸಿದ್ದು ಲಂಡನ್ನಿನ ಹ್ಯಾಕ್ನಿಯಲ್ಲಿ ಕಥೋಲಿಕ ಧರ್ಮಭಗಿನಿಯರು ನಡೆಸುತ್ತಿದ್ದ ಸಂತ ಜೋಸೆಫರ ಆಶ್ರಯಧಾಮದಲ್ಲಿ. ನೋವು ಬಂದು ರೋಗಿ ಕೂಗಿಕೊಂಡ ಮೇಲೆ ಔಷಧ ಕೊಡುವುದಲ್ಲ. ನೋವು ತಲೆಯೆತ್ತುವ ಮೊದಲೇ ಗಡಿಯಾರ ನೋಡಿಕೊಂಡು ಕೊಡಬೇಕು ಎಂಬ ಕ್ರಮವನ್ನು ಅವರು ಅಲ್ಲಿ ದಾಖಲೆಗಳ ಸಮೇತ ನೆಲೆಗೊಳಿಸಿದರು. 1967ರಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಆಶ್ರಯಧಾಮವನ್ನು ತೆರೆದರು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ನೋವು, ಆತ್ಮದ ನೋವು ಇವೆಲ್ಲ ಒಂದೇ ಹಗ್ಗದ ಎಳೆಗಳೆಂದು ಹೇಳಿ ‘ಸಮಗ್ರ ನೋವು’ ಎಂಬ ಕಲ್ಪನೆಯನ್ನು ಕೊಟ್ಟವರೂ ಅವರೇ. ಮಗಳ ಮದುವೆಗೆ ಮಾಡಿದ ಸಾಲ, ಮಾರಿದ ಜಮೀನು, ಮಾತುಬಿಟ್ಟ ತಮ್ಮ, ಇವು ರಾತ್ರಿ ಎರಡು ಗಂಟೆಗೆ ಬೆನ್ನುಮೂಳೆಯಲ್ಲಿ ನೋಯುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿನ ನಿವಾರಣೆಗೆ ಸರಳವಾದ ಒಂದು ಮೆಟ್ಟಿಲುಕ್ರಮವನ್ನು ಪ್ರಕಟಿಸಿತು. ಅದರ ಮೇಲಿನ ಮೆಟ್ಟಿಲಲ್ಲಿ ಇದ್ದದ್ದು ಮಾರ್ಫಿನ್, ಅಫೀಮಿನಿಂದ ತೆಗೆಯುವ, ಬೆಲೆಯಲ್ಲಿ ಅಗ್ಗವಾದ ಹಳೆಯ ಔಷಧ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆ ಅಫೀಮನ್ನು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿಯಿಂದಾಗಿ ಪರವಾನಗಿಗಳ ಜಂಜಾಟಕ್ಕೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ವೇಳೆಗೆ ದೇಶದಲ್ಲಿ ಅದರ ವೈದ್ಯಕೀಯ ಬಳಕೆ ಶೇಕಡಾ 97ರಷ್ಟು ಕುಸಿದಿತ್ತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ವರ್ಷಾನುಗಟ್ಟಲೆ ನಡೆಸಿದ ಹೋರಾಟದ ಫಲವಾಗಿ 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಹಲವು ಪರವಾನಗಿಗಳ ಬದಲು ಒಂದೇ ಅನುಮತಿ ಸಾಕೆಂದಾಯಿತು.

ಕಾಯ್ದೆ ಬದಲಾಯಿತು, ಭಯ ಬದಲಾಗಲಿಲ್ಲ. ಹಳೆಯ ಕಾಯ್ದೆಯ ನೆರಳಿನಲ್ಲಿ ಓದಿದ ಒಂದಿಡೀ ತಲೆಮಾರಿನ ವೈದ್ಯರು ಮಾರ್ಫಿನನ್ನು ಕೈಯಿಂದ ಬರೆದೇ ಅಭ್ಯಾಸವಿಲ್ಲದವರು. ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ, ಇದು ಕೊನೆಯ ಔಷಧ ಎಂಬ ಮಾತುಗಳು ವೈದ್ಯರ ಕೋಣೆಯಲ್ಲಿಯೂ ಔಷಧದಂಗಡಿಯಲ್ಲಿಯೂ ಇಂದಿಗೂ ಕೇಳಿಬರುತ್ತವೆ. ಕ್ಯಾನ್ಸರ್ ನೋವಿಗೆ ಸರಿಯಾದ ಪ್ರಮಾಣದಲ್ಲಿ, ಬಾಯಿಯ ಮೂಲಕ, ನಾಲ್ಕು ನಾಲ್ಕು ಗಂಟೆಗಳಿಗೊಮ್ಮೆ ಕೊಟ್ಟು, ಅಗತ್ಯ ನೋಡಿಕೊಂಡು ಹಂತಹಂತವಾಗಿ ಏರಿಸಿದಾಗ ಚಟವಾಗುವುದು ಅಪರೂಪ. ಮೊದಲ ದಿನಗಳ ವಾಕರಿಕೆ, ಮಂಪರು ಸಾಮಾನ್ಯವಾಗಿ ಇಳಿಯುತ್ತವೆ. ಇಳಿಯದಿರುವುದು ಮಲಬದ್ಧತೆ, ಆದ್ದರಿಂದ ಅದರ ಔಷಧವನ್ನು ಮೊದಲ ದಿನದಿಂದಲೇ ಜೊತೆಗೆ ಬರೆಯಬೇಕು. ಈ ನಾಲ್ಕು ಸಾಲುಗಳಷ್ಟು ತಿಳಿವಳಿಕೆ ಇಲ್ಲದ ಕಾರಣಕ್ಕೆ ಎಷ್ಟು ಮನೆಗಳಲ್ಲಿ ಎಷ್ಟು ರಾತ್ರಿಗಳು ನರಳಾಟದಲ್ಲಿ ಕಳೆದಿವೆ!

ನಮ್ಮವರಲ್ಲಿ ಇನ್ನೊಂದು ಭಯವೂ ಇದೆ, ಅದನ್ನು ಹೇಳಬೇಕಾದವನು ಗುರುವೇ. ಯೇಸುಸ್ವಾಮಿ ಶಿಲುಬೆಯ ಬಳಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ನಿರಾಕರಿಸಿದರಲ್ಲವೇ, ನಾವು ನೋವನ್ನು ತಗ್ಗಿಸಿಕೊಂಡರೆ ಶಿಲುಬೆಯನ್ನು ಬಿಟ್ಟಂತಲ್ಲವೇ ಎಂದು ಕೇಳುವ ಭಕ್ತರಿದ್ದಾರೆ. ಅಂಥವರ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ 1957ರ ಫೆಬ್ರವರಿ 24ರಂದು ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಎಂದರೆ ಹನ್ನೆರಡನೆಯ ಪಿಯೂಸರು, ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತಾ ಈ ಸಂಶಯವನ್ನು ಬಿಡಿಸಿದ್ದಾರೆ. ನೋವನ್ನು ನೋವಿಗಾಗಿ ಬಯಸಬೇಕೆಂಬ ಕಟ್ಟಳೆ ಕ್ರೈಸ್ತನಿಗಿಲ್ಲ. ಬೇರೆ ದಾರಿಯಿಲ್ಲದಾಗ ನೋವುನಿವಾರಕವನ್ನು ಕೊಡಬಹುದು, ಅದರಿಂದ ಆಯುಷ್ಯ ತುಸು ಕಡಿಮೆಯಾಗುವ ಸಂಭವವಿದ್ದರೂ, ಉದ್ದೇಶ ಕೊಲ್ಲುವುದಲ್ಲದೆ ನೋವನ್ನು ನೀಗುವುದೇ ಆಗಿದ್ದರೆ, ಅದು ಸಲ್ಲುತ್ತದೆ ಎಂಬುದು ಅವರ ಬೋಧನೆಯ ಸಾರ. ಎರಡನೆಯ ಜಾನ್ ಪಾಲರು ಯಾತನೆಯ ಅರ್ಥವನ್ನು ಕುರಿತು 1984ರಲ್ಲಿ ಬರೆದ ಪ್ರೇಷಿತ ಪತ್ರವನ್ನು ನೋವನ್ನು ಸಹಿಸಿಕೊಳ್ಳಿ ಎಂಬ ಉಪದೇಶಕ್ಕಾಗಿ ನಾವು ಉಲ್ಲೇಖಿಸುತ್ತೇವೆ. ಅದು ತನ್ನ ಕಡೆಯ ಭಾಗದಲ್ಲಿ ದಯಾಳು ಸಮಾರಿಯದವನ ಕಡೆಗೆ ತಿರುಗುತ್ತದೆಂಬುದನ್ನು ಮರೆಯುತ್ತೇವೆ. ತನ್ನ ನೋವನ್ನು ಕ್ರಿಸ್ತರಿಗೆ ಅರ್ಪಿಸುವುದು ರೋಗಿಯ ಸ್ವಾತಂತ್ರ್ಯ. ಇನ್ನೊಬ್ಬರ ನೋವನ್ನು ಅವರ ಪರವಾಗಿ ಅರ್ಪಿಸುವ ಅಧಿಕಾರ ಮಗನಿಗಾಗಲಿ, ವೈದ್ಯನಿಗಾಗಲಿ, ಗುರುವಿಗಾಗಲಿ ಇಲ್ಲ.

ಔಷಧಕ್ಕಿಂತ ಕಷ್ಟದ ಪಾಠವೊಂದಿದೆ, ಅದು ಸತ್ಯವನ್ನು ಹೇಳುವುದು. ಜೆ.ಪಿ. ನಗರದ ಒಂದು ಮನೆಗೆ ಪರಮಪ್ರಸಾದವನ್ನು ಕೊಂಡೊಯ್ದಾಗ ಗೇಟಿನ ಬಳಿಯೇ ಮಗ ಕೈಮುಗಿದು, ‘ಫಾದರ್, ಅಮ್ಮನಿಗೆ ಏನೂ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ’ ಎಂದ. ಒಳಗೆ ಮಗ ಕಾಫಿ ತರಲು ಹೋದಾಗ ಆ ತಾಯಿ ಮೆಲ್ಲಗೆ, ‘ಸ್ವಾಮಿ, ನನಗೆಲ್ಲ ಗೊತ್ತು. ಹುಡುಗ ಹೆದರುತ್ತಾನೆ, ನನಗೆ ಗೊತ್ತಿದೆಯೆಂದು ಅವನಿಗೆ ಹೇಳಬೇಡಿ’ ಎಂದರು. ಬನಶಂಕರಿಯಲ್ಲೂ ಬಿ.ಟಿ.ಎಂ. ಬಡಾವಣೆಯಲ್ಲೂ ಇದೇ ನಡೆಯುತ್ತದೆ. ಇಬ್ಬರೂ ಪ್ರೀತಿಯಿಂದಲೇ ಸುಳ್ಳಾಡುತ್ತಾ ಕಡೆಯ ತಿಂಗಳುಗಳನ್ನು ಒಬ್ಬಂಟಿಗಳಾಗಿ ಕಳೆಯುತ್ತಾರೆ. ಇಂಥ ಕಡೆ ವೈದ್ಯನು ಏನು ಮಾಡಬೇಕು? ಬಾಲ್ಟಿಯಂತೆ ಸುರಿಯುವುದೂ ಸಲ್ಲ, ಬಾಯಿ ಮುಚ್ಚಿಕೊಳ್ಳುವುದೂ ಸಲ್ಲ. ಅಮೆರಿಕದ ವಾಲ್ಟರ್ ಬೈಲ್, ಕೆನಡಾದ ರಾಬರ್ಟ್ ಬಕ್ಮನ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಆರು ಹಂತಗಳ ಕ್ರಮವೊಂದನ್ನು ಈಗ ಕ್ಯಾನ್ಸರ್ ತರಬೇತಿಗಳಲ್ಲಿ ಎಲ್ಲೆಡೆ ಕಲಿಸುತ್ತಾರೆ. ಮೊದಲು ಏಕಾಂತದ ಜಾಗದಲ್ಲಿ ಕೂರಬೇಕು, ನಿಂತುಕೊಂಡಲ್ಲ. ರೋಗಿಗೆ ಈಗಾಗಲೇ ಏನು ಗೊತ್ತಿದೆಯೆಂದು ಕೇಳಬೇಕು. ಎಷ್ಟು ತಿಳಿಯಲು ಇಷ್ಟವಿದೆಯೆಂದು ಕೇಳಬೇಕು. ಆಮೇಲೆ ಸರಳವಾದ ಮಾತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತಿಳಿಸಬೇಕು. ಅಳು ಬಂದರೆ ಅಳುವಿಗೆ ಜಾಗ ಬಿಡಬೇಕು. ಕೊನೆಗೆ ಮುಂದಿನ ದಾರಿಯನ್ನು ಜೊತೆಯಾಗಿ ಗೊತ್ತುಮಾಡಬೇಕು. ಓದಿದರೆ ಸಾಮಾನ್ಯ ವಿವೇಕವೆಂದು ತೋರುತ್ತದೆ. ಆದರೆ ಸಂತ ಥಾಮಸ್ ಅಕ್ವಿನಾಸರು ಹೇಳುವ ವಿವೇಕವೆಂಬ ಸದ್ಗುಣ ಪುಸ್ತಕದಿಂದ ಬರುವುದಲ್ಲ, ಹಿರಿಯರ ಪಕ್ಕದಲ್ಲಿ ನಿಂತು ಮಾಡಿ ಮಾಡಿ ಬರುವುದು. ಆದ್ದರಿಂದಲೇ ಒಳ್ಳೆಯ ತರಬೇತಿಗಳಲ್ಲಿ ಒಬ್ಬರು ರೋಗಿಯ ಪಾತ್ರ, ಒಬ್ಬರು ವೈದ್ಯನ ಪಾತ್ರ ವಹಿಸಿ ಈ ಮಾತುಕತೆಯನ್ನು ಮತ್ತೆ ಮತ್ತೆ ಆಡಿ ನೋಡುತ್ತಾರೆ.

ಇಲ್ಲಿ ಗುರುಗಳಾದ ನಮ್ಮ ಪಾಲಿನದನ್ನೂ ಹೇಳಿಬಿಡುತ್ತೇನೆ. ಆರನೆಯ ಪೌಲರು 1972ರಲ್ಲಿಯೇ ಅಭ್ಯಂಗ ಸಂಸ್ಕಾರದ ವಿಧಿಯನ್ನು ನವೀಕರಿಸಿದರು. ಅದು ಸಾಯುವವರಿಗೆ ಮಾತ್ರ ಮೀಸಲಾದುದಲ್ಲ, ರೋಗಿಗಳ ಸಂಸ್ಕಾರ. ಆದರೂ ಬಿಳಿ ನಿಲುವಂಗಿ ಬಾಗಿಲಲ್ಲಿ ಕಂಡೊಡನೆ ನೆರೆಮನೆಯವರು ಪಿಸುಗುಟ್ಟುತ್ತಾರೆ, ಮನೆಯವರೂ ‘ಇನ್ನೂ ಆ ಹೊತ್ತು ಬಂದಿಲ್ಲ’ ಎಂದು ತಡಮಾಡುತ್ತಾರೆ. ಮಾರ್ಫಿನಿಗೂ ಗುರುವಿಗೂ ನಮ್ಮ ಜನ ಕೊಟ್ಟಿರುವ ಸ್ಥಾನ ಒಂದೇ!

ಕಲಿಯಲು ಇಚ್ಛಿಸುವವರಿಗೆ ಈಗ ದಾರಿಗಳಿಲ್ಲದಿಲ್ಲ. ಭಾರತೀಯ ಉಪಶಾಮಕ ಆರೈಕೆ ಸಂಘ 1994ರಲ್ಲಿ ಹುಟ್ಟಿತು; ಅದು ವೈದ್ಯರಿಗೂ ದಾದಿಯರಿಗೂ ಪ್ರಮಾಣಪತ್ರದ ಶಿಕ್ಷಣವನ್ನು ನಡೆಸುತ್ತದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2012ರಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಆರಂಭವಾಯಿತು. ನಮ್ಮ ನಗರದಲ್ಲಿ, ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ 1994ರಲ್ಲಿ ಕಟ್ಟಿದ ಟ್ರಸ್ಟಿನ ‘ಕರುಣಾಶ್ರಯ’ ಮಾರತಹಳ್ಳಿಯ ಬಳಿ 1999ರಿಂದ ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ, ತರಬೇತಿಯನ್ನೂ ಕೊಡುತ್ತಿದೆ. ಸಂತ ಜಾನ್ ಆಸ್ಪತ್ರೆಯಲ್ಲಿ ನೋವು ಮತ್ತು ಉಪಶಮನದ ವಿಭಾಗವೇ ಇದೆ. ದೂರದ ತಾಲ್ಲೂಕಿನ ವೈದ್ಯರು ತಮ್ಮ ರೋಗಿಯ ವಿಷಯವನ್ನು ಪರದೆಯ ಮೇಲೆ ತಜ್ಞರ ಮುಂದಿಟ್ಟು ಕಲಿಯುವ ಕ್ರಮವೊಂದನ್ನು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದರು. ಕಿದ್ವಾಯಿಯ ನೆರೆಯ ನಿಮ್ಹಾನ್ಸ್ ಅದನ್ನು ಮಾನಸಿಕ ಆರೋಗ್ಯದ ಶಿಕ್ಷಣಕ್ಕೆ ಅಳವಡಿಸಿಕೊಂಡಿತು. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿಯೂ ಸಂವಹನ, ಉಪಶಮನಗಳಿಗೆ ಸ್ಥಾನ ದೊರೆತಿದೆ. ಅದಕ್ಕೂ ಮೊದಲು ಓದಿ ಈಗ ನಲವತ್ತು, ಐವತ್ತು ದಾಟಿರುವ ವೈದ್ಯರು ತಾವಾಗಿಯೇ ಹೋಗಿ ಕಲಿಯಬೇಕು. ಅವರೇ ನಮ್ಮ ಕುಟುಂಬ ವೈದ್ಯರು.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವಳನ್ನು ಯಾವ ಪಠ್ಯಕ್ರಮವೂ ತಲುಪಿಲ್ಲ. ಮಕ್ಕಳು ವಿದೇಶದಲ್ಲಿರುವ ಜಯನಗರದ ಮನೆಗಳಲ್ಲಿ ಏಜೆನ್ಸಿಯವರು ಕಳುಹಿಸಿದ, ಹಳ್ಳಿಯಿಂದ ಬಂದು ಎರಡು ತಿಂಗಳೂ ಆಗಿರದ ಹುಡುಗಿಯ ಕೈಯಲ್ಲಿ ರೋಗಿಯಿರುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು, ಬಾಯಿಯನ್ನು ಉಪ್ಪು ಸೋಡಾದ ನೀರಿನಿಂದ ಒರೆಸಬೇಕು ಎಂದು ಅವಳಿಗೆ ಯಾರು ಹೇಳಿದರು? ಒಡೆದ ಸ್ತನದ ಗಡ್ಡೆಯ, ಕೆನ್ನೆಯ ಹುಣ್ಣಿನ ದುರ್ವಾಸನೆಯಿಂದ ಮೊಮ್ಮಕ್ಕಳು ಕೋಣೆಗೆ ಬರುವುದನ್ನೇ ಬಿಟ್ಟಿರುತ್ತಾರೆ. ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ, ತೊಳೆದ ಗಾಯದ ಮೇಲೆ ವೈದ್ಯರ ಸಲಹೆಯಂತೆ ಉದುರಿಸಿದರೆ ಆ ವಾಸನೆ ಕೆಲವೇ ದಿನಗಳಲ್ಲಿ ಬಹಳಮಟ್ಟಿಗೆ ಇಳಿಯುತ್ತದೆ. ನುರಿತ ದಾದಿಯೊಬ್ಬಳು ಅರ್ಧ ಗಂಟೆಯಲ್ಲಿ ಇದನ್ನು ಕಲಿಸಬಲ್ಲಳು. ಅದನ್ನು ಕಲಿತ ಮನೆಯಲ್ಲಿ ಮೊಮ್ಮಗು ಮತ್ತೆ ಅಜ್ಜಿಯ ಮಂಚದ ಮೇಲೆ ಹತ್ತಿ ಕೂರುತ್ತದೆ.

ಹಾಗಾದರೆ ನಾವೇನು ಮಾಡಬಹುದು? ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳು ವಾರದ ಐದು ದಿನ ಬೀಗ ಹಾಕಿಕೊಂಡಿರುತ್ತವೆ. ತಿಂಗಳಿಗೊಂದು ಮಧ್ಯಾಹ್ನ ಮನೆ ಆರೈಕೆಯ ಹುಡುಗಿಯರಿಗೆ, ರೋಗಿಗಳ ಮನೆಯವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಬಾಗಿಲು ತೆರೆಯಬಹುದು. ಕಲಿಸಲು ಬೇಕಾದ ದಾದಿಯರು ಭಾನುವಾರದ ಪೂಜೆಯಲ್ಲಿ ನಮ್ಮ ಮುಂದೆಯೇ ಕುಳಿತಿರುತ್ತಾರೆ. ಪ್ರಮಾಣಪತ್ರದ ಶಿಕ್ಷಣಕ್ಕೆ ಹೋಗಬೇಕೆಂದು ಆಸೆಪಡುವ ದಾದಿಗೆ ಅಡ್ಡಿಯಾಗುವುದು ಬುದ್ಧಿಯ ಕೊರತೆಯಲ್ಲ, ರಜೆಯದು ಮತ್ತು ಶುಲ್ಕದ್ದು. ಶುಲ್ಕವನ್ನು ಸಂತ ವಿನ್ಸೆಂಟ್ ದೆ ಪೌಲ್ ಸಭೆಯಂಥ ನಮ್ಮ ಸಂಘಗಳು ಭರಿಸಬಹುದು. ರಜೆಯನ್ನು ಕೊಡಬೇಕಾದವರು ಆಡಳಿತದವರು. ಕಥೋಲಿಕ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಕೂರುವ ಶ್ರೀಸಾಮಾನ್ಯ ವಿಶ್ವಾಸಿಗಳೂ ಗುರುಗಳೂ ಧರ್ಮಭಗಿನಿಯರೂ ಈ ಅಂಕಣವನ್ನು ಓದುತ್ತಾರೆಂದು ನಾನು ಬಲ್ಲೆ. ಮುಂದಿನ ಸಭೆಯಲ್ಲಿ ಹೊಸ ಯಂತ್ರದ ಅಂದಾಜುಪಟ್ಟಿ ಮೇಜಿಗೆ ಬಂದಾಗ ಅವರು ಇಷ್ಟನ್ನು ಕೇಳಲಿ: ಕಳೆದ ವರ್ಷ ನಮ್ಮ ಆಸ್ಪತ್ರೆಯಿಂದ ನೋವುನಿವಾರಣೆಯ ತರಬೇತಿಗೆ ಎಷ್ಟು ಮಂದಿ ದಾದಿಯರನ್ನು ಸಂಬಳ ಸಹಿತ ರಜೆಯ ಮೇಲೆ ಕಳುಹಿಸಿದೆವು, ಮತ್ತು ನಮ್ಮ ಔಷಧಾಲಯದಲ್ಲಿ ಇಂದು ಮಾರ್ಫಿನ್ ಮಾತ್ರೆ ಇದೆಯೆ?